ಚೋನ್ ಆಜ್ಞೆ: ಒಡೆತನ ಬದಲಿಸುವ ಮುನ್ನ ಬರೆದಿಡಿ



ಕಡೂರಿನ ತೆಂಗಿನ ತೋಟವಿರಲಿ, ತರೀಕೆರೆಯ ಅಡಿಕೆ ತೋಟವಿರಲಿ, ಅಜ್ಜಂಪುರದ ಈರುಳ್ಳಿ ಹೊಲವಿರಲಿ, ಜಮೀನು ಯಾರ ಹೆಸರಿನಲ್ಲಿದೆ ಎಂದು ಪಹಣಿ ಹೇಳುತ್ತದೆ. ಹೆಸರು ಬದಲಾದರೆ ಮ್ಯುಟೇಷನ್ ದಾಖಲೆ ಉಳಿಯುತ್ತದೆ: ಹಿಂದೆ ಯಾರಿದ್ದರು, ಈಗ ಯಾರು, ಯಾವ ಕಾರಣಕ್ಕೆ. ಲಿನಕ್ಸ್‌ನಂತಹ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲೂ ಪ್ರತಿ ಫೈಲಿಗೆ ಒಬ್ಬ ಒಡೆಯ, ಒಂದು ಗುಂಪು ಇರುತ್ತದೆ. ಆದರೆ ಅಲ್ಲಿ ಮ್ಯುಟೇಷನ್ ಇಲ್ಲ. ಹೊಸ ಹೆಸರು ಬಂದೊಡನೆ ಹಳೆಯ ಹೆಸರು ಅಳಿಸಿಹೋಗುತ್ತದೆ.

ಒಡೆಯನನ್ನು ಬದಲಿಸುವ ಆಜ್ಞೆ ‘ಚೋನ್’. ಇದು ‘ಚೇಂಜ್ ಓನರ್’ ಎಂಬುದರ ಹ್ರಸ್ವರೂಪ. ಸಾಮಾನ್ಯವಾಗಿ ರೂಟ್ ಬಳಕೆದಾರ ಮಾತ್ರ ಇದನ್ನು ಮಾಡಬಲ್ಲ. ಫೋಲ್ಡರಿನ ಹೆಸರು ಕೊಟ್ಟರೆ ಆ ಫೋಲ್ಡರ್ ಒಂದೇ ಬದಲಾಗುತ್ತದೆ. ಒಳಗಿನ ಫೈಲುಗಳು ಹಾಗೇ ಉಳಿಯುತ್ತವೆ. ಅಡ್ಡಗೆರೆಯೊಂದಿಗೆ ದೊಡ್ಡಕ್ಷರದ ‘ಆರ್’ ಸೇರಿಸಿದರೆ ಒಳಗಿನ ಫೋಲ್ಡರ್, ಅದರೊಳಗಿನ ಫೋಲ್ಡರ್, ಹೀಗೆ ತಳದವರೆಗೂ ಎಲ್ಲವೂ ಹೊಸ ಒಡೆಯನ ಪಾಲಾಗುತ್ತವೆ. ಇದನ್ನೇ ರಿಕರ್ಸಿವ್ ಬದಲಾವಣೆ ಎನ್ನುತ್ತಾರೆ.

ಒಂದೇ ಅಕ್ಷರ, ಆದರೆ ಪರಿಣಾಮ ದೊಡ್ಡದು. ‘ಹೋಮ್’ ಫೋಲ್ಡರಿನ ಮೇಲೆ ಇದನ್ನು ಓಡಿಸಿದರೆ ಎಲ್ಲ ವಿದ್ಯಾರ್ಥಿಗಳ ಫೈಲುಗಳೂ ಒಬ್ಬರ ಹೆಸರಿಗೆ ಹೋಗುತ್ತವೆ. ‘ಯುಎಸ್ಆರ್’ ಫೋಲ್ಡರಿನ ಮೇಲೆ ಓಡಿಸಿದರೆ ‘ಸುಡೋ’ ಆಜ್ಞೆಯೇ ನಿಂತುಹೋಗುತ್ತದೆ. ಅದು ರೂಟ್‌ನ ಒಡೆತನದಲ್ಲಿರಬೇಕು, ‘ಸೆಟ್‌ಯುಐಡಿ’ ಎಂಬ ಗುರುತೂ ಇರಬೇಕು. ಒಡೆಯ ಬದಲಾದಾಗ ಲಿನಕ್ಸ್ ಆ ಗುರುತನ್ನು ತೆಗೆದುಹಾಕುತ್ತದೆ. ಒಡೆತನ ರೂಟ್‌ಗೆ ಮರಳಿದರೂ ಗುರುತು ತಾನಾಗಿ ಮರಳುವುದಿಲ್ಲ.

ಚೋನ್ ಕೈಪಿಡಿಯಲ್ಲಿ ಈ ‘ಆರ್’ ಬಗ್ಗೆ ಇರುವ ವಿವರಣೆ ಬಹಳ ಚಿಕ್ಕದು. ಆಜ್ಞೆ ಏನು ಮಾಡುತ್ತದೆಂದು ಅದು ಹೇಳುತ್ತದೆ. ನಿಮ್ಮ ಫೋಲ್ಡರಿನಲ್ಲಿ ಮೊದಲು ಏನಿತ್ತೆಂದು ಹೇಳಲಾರದು. ಅದನ್ನು ನಾವೇ ಬರೆದಿಡಬೇಕು. ಆದ್ದರಿಂದ ಈ ಕ್ರಮ ಅನುಸರಿಸಿ:

1. ‘ಪಿಡಬ್ಲ್ಯೂಡಿ’ ಆಜ್ಞೆ ಕೊಟ್ಟು ಯಾವ ಫೋಲ್ಡರಿನಲ್ಲಿದ್ದೀರಿ ಎಂದು ಖಚಿತಪಡಿಸಿಕೊಳ್ಳಿ. ಚೋನ್‌ಗೆ ಪೂರ್ಣ ವಿಳಾಸವನ್ನೇ ಕೊಡಿ.

2. ‘ಗೆಟ್‌ಫೇಕಲ್’ ಆಜ್ಞೆಗೂ ‘ಆರ್’ ಸೇರಿಸಿ, ಈಗಿರುವ ಒಡೆಯ, ಗುಂಪು, ಅನುಮತಿಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಉಳಿಸಿ. ಬೇಕಾದಾಗ ‘ಸೆಟ್‌ಫೇಕಲ್’ನ ‘ರಿಸ್ಟೋರ್’ ಆಯ್ಕೆಯಿಂದ ರೂಟ್ ಬಳಕೆದಾರ ಅವನ್ನು ಮರಳಿಸಬಹುದು.

3. ದಿನಾಂಕ, ಮಾಡಿದವರು, ಫೋಲ್ಡರ್, ಹಳೆಯ ಒಡೆಯ, ಹೊಸ ಒಡೆಯ, ಕಾರಣ ಎಲ್ಲವನ್ನೂ ಲ್ಯಾಬ್ ಪುಸ್ತಕದಲ್ಲಿ ಬರೆಯಿರಿ.

‘ಪರ್ಮಿಷನ್ ಸರಿಮಾಡಿದೆ’ ಎಂದಷ್ಟೇ ಬರೆದರೆ ಸಾಲದು. ‘ಪ್ರಾಜೆಕ್ಟ್ ಫೋಲ್ಡರ್ ಮತ್ತು ಒಳಗಿನದೆಲ್ಲ, ಹಿಂದೆ ರೂಟ್, ಈಗ ಲ್ಯಾಬ್, ವಿದ್ಯಾರ್ಥಿಗಳಿಗೆ ಫೈಲ್ ಉಳಿಸಲು ಆಗುತ್ತಿರಲಿಲ್ಲ’ ಎಂದು ಬರೆದರೆ ಮುಂದಿನ ವರ್ಷ ಬರುವವರಿಗೂ ಅರ್ಥವಾಗುತ್ತದೆ. ಮೊದಲು ಎರಡು ಮೂರು ಖಾಲಿ ಫೈಲುಗಳಿರುವ ಫೋಲ್ಡರಿನಲ್ಲಿ, ಉಪನ್ಯಾಸಕರ ಎದುರಿನಲ್ಲಿ ಅಭ್ಯಾಸ ಮಾಡಿ.