ಬೆಂಕಿ ತಂದವನು, ಕತ್ತಿಯ ಮೇಲೆ ಬಿದ್ದವನು

ಪ್ರಶ್ನೆ: ನಾನು ರಾಯಚೂರು ಥರ್ಮಲ್ ಪವರ್ ಸ್ಟೇಷನ್‌ನಾಗ (ಆರ್‌ಟಿಪಿಎಸ್) ಬಾಯ್ಲರ್ ಕಡೆ ಶಿಫ್ಟ್ ಮಾಡೋನ್ರಿ. ಮಗಳ ಪುಸ್ತಕದಾಗ ಪ್ರೊಮೀಥಿಯಸ್ ಅನ್ನೋನ ಕಥಿ ಓದಿದೆ. ಬೆಂಕಿ ಕೊಟ್ಟವನಿಗ್ಯಾಕ ಅಷ್ಟು ಶಿಕ್ಷೆ? ನಮ್ಮಲ್ಲೂ ಇಂಥ ಕಥಿ ಐತೇನ್ರಿ?
– ಓದುಗರೊಬ್ಬರು, ಶಕ್ತಿನಗರ

ಉತ್ತರ: ಇದೆ. ಋಗ್ವೇದದ ಮಾತರಿಶ್ವ ದೂರದಿಂದ ಅಗ್ನಿಯನ್ನು ತಂದು ಭೃಗುಗಳಿಗೆ ಕೊಟ್ಟವನು. ಅವನನ್ನು ಯಾರೂ ದಂಡಿಸಲಿಲ್ಲ. ಪ್ರೊಮೀಥಿಯಸ್ ಹಾಗಲ್ಲ, ಟೊಳ್ಳು ದಂಟಿನಲ್ಲಿ ಕಿಡಿ ಬಚ್ಚಿಟ್ಟು ಕದ್ದು ತಂದ. ದೇವರಾಜ ಜ್ಯೂಸ್ ಅವನನ್ನು ಬಂಡೆಗೆ ಬಿಗಿಸಿದ. ಹದ್ದು ಹಗಲು ತಿಂದ ಪಿತ್ತಜನಕಾಂಗ ರಾತ್ರಿ ಮತ್ತೆ ಬೆಳೆಯುತ್ತಿತ್ತು. ಮೇಲಿನವರು ತಮ್ಮದೇ ಎಂದುಕೊಂಡಿದ್ದನ್ನು ಕೇಳದೆ ಕೆಳಗಿನವರಿಗೆ ಹಂಚಿದ್ದೇ ಅವನ ಅಪರಾಧ. ಮುಂದಿನ ಕವಿಗಳು ಮನಸೋತದ್ದು ಆ ಹಟಕ್ಕೆ. ಮೇರಿ ಶೆಲ್ಲಿ 1818ರಲ್ಲಿ ತನ್ನ 'ಫ್ರಾಂಕೆನ್‌ಸ್ಟೈನ್' ಕಾದಂಬರಿಗೆ 'ಆಧುನಿಕ ಪ್ರೊಮೀಥಿಯಸ್' ಎಂಬ ಎರಡನೆಯ ಹೆಸರಿಟ್ಟಳು. ಎರಡು ವರ್ಷದ ಮೇಲೆ ಅವಳ ಗಂಡ, ಕವಿ ಶೆಲ್ಲಿ, ಪ್ರೊಮೀಥಿಯಸ್‌ನ ಬಿಡುಗಡೆಯ ಮೇಲೆ ಕಾವ್ಯನಾಟಕವನ್ನೇ ಪ್ರಕಟಿಸಿದ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೆಂಕಿಗೆ ಬದಲಾಗಿ ಜ್ಯೂಸ್ ಪಂಡೋರಳನ್ನು ಕಳಿಸಿದ, ಅವಳ ಜಾಡಿಯಿಂದ ರೋಗರುಜಿನಗಳು ಹೊರಬಿದ್ದವು ಎನ್ನುತ್ತಾನೆ ಹೆಸಿಯೋಡ್ ಕವಿ. 1985ರಿಂದ ನಾಡಿಗೆ ಕರೆಂಟು ಕೊಡುತ್ತಿರುವ ನಿಮ್ಮ ಊರಿನ ವಿದ್ಯುತ್ ಸ್ಥಾವರದ ಬೂದಿಹೊಂಡ ನೆನೆದಾಗಲೆಲ್ಲ ನನಗೆ ಆ ಜಾಡಿ ನೆನಪಾಗುತ್ತದೆ. ಮಗಳಿಗೆ ಈ ಭಾಗವನ್ನೂ ಹೇಳಿ.

ಪ್ರಶ್ನೆ: ಬಿ.ಎಂ.ಶ್ರೀ. ಅವರ 'ಅಶ್ವತ್ಥಾಮನ್' ಗ್ರೀಕ್ ನಾಟಕದ ನಕಲು ಅಂತ ಗೆಳತಿಯರು ವಾದಿಸ್ತಾರೆ. ಚಿರಂಜೀವಿ ಅಶ್ವತ್ಥಾಮನನ್ನ ಸಾಯಿಸಿದ್ದು ಸರಿಯೇ?
– ಬಿ.ಎ. ವಿದ್ಯಾರ್ಥಿನಿ, ದೇವಸೂಗೂರು

ಉತ್ತರ: ನಕಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1929ರ ಆ ನಾಟಕಕ್ಕೆ ಸೊಫೋಕ್ಲಿಸನ 'ಏಜಾಕ್ಸ್' ಆಧಾರ, ನಿಜ. ಸತ್ತ ಅಕಿಲೀಸನ ಆಯುಧಗಳು ತನಗೆ ಬರದೆ ಒಡಿಸ್ಸಿಯಸ್‌ನ ಪಾಲಾದವೆಂದು ಏಜಾಕ್ಸ್ ಕುದಿಯುತ್ತಾನೆ. ಅಥೀನಾ ದೇವಿ ಕವಿಸಿದ ಭ್ರಮೆಯಲ್ಲಿ, ಒಂದು ರಾತ್ರಿ ವೈರಿಗಳೆಂದು ದನಕುರಿಗಳನ್ನು ಕಡಿದು ಹಾಕುತ್ತಾನೆ. ಬುದ್ಧಿ ತಿಳಿಯಾದಾಗ ಅವಮಾನ ತಾಳದೆ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಮಹಾಭಾರತದ ಸೌಪ್ತಿಕ ಪರ್ವದಲ್ಲೂ ಅಂಥ ಒಂದು ರಾತ್ರಿ ಇದೆಯಲ್ಲ, ಪಾಂಡವರ ಮಲಗಿದ್ದ ಮಕ್ಕಳನ್ನು ಅಶ್ವತ್ಥಾಮ ಕೊಂದ ರಾತ್ರಿ. ಎರಡು ರಾತ್ರಿಗಳೂ ಒಂದೇ ಎಂದು ಕಂಡುಕೊಂಡದ್ದು ಶ್ರೀಯವರ ಕಣ್ಣು. ಅದು ನಕಲು ಮಾಡುವವನ ಕೆಲಸವಲ್ಲ. 'ಪಾರಸಿಕರು' ಎಂಬ ಅವರ ಇನ್ನೊಂದು ನಾಟಕ ಈಸ್ಕಿಲಸನ ನಾಟಕದ ನೇರ ಅನುವಾದ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಸಾವಿನ ವಿಚಾರದಲ್ಲಿ ನನಗೂ ನೋವಿದೆ. ಹಣೆಯ ಮಣಿ ಕಳೆದುಕೊಂಡು, ಮೂರು ಸಾವಿರ ವರ್ಷ ಒಬ್ಬನೇ ಅಲೆಯುವ ವ್ಯಾಸರ ಅಶ್ವತ್ಥಾಮನ ಶಿಕ್ಷೆ ಸಾವಿಗಿಂತ ಘೋರ. ಅದನ್ನು ಬಿಟ್ಟುಕೊಟ್ಟದ್ದರಿಂದ ನಾಟಕಕ್ಕೆ ನಷ್ಟವಾಗಿದೆ. ಆದರೂ ತನ್ನ ಕೈ ಮಾಡಿದ್ದನ್ನು ತಾನೇ ನೋಡಿ ತತ್ತರಿಸುವ ವೀರನನ್ನು ಅವರು ಕನ್ನಡ ರಂಗಕ್ಕೆ ತಂದರು. ಅದಕ್ಕಾಗಿ ನಾನು ಋಣಿ.

ಇನ್ನು ಓದುವ ಬಗೆ. ಗ್ರೀಕ್ ನಾಟಕದಲ್ಲಿ ಮೇಳ, ಅಂದರೆ ಕೂಡಿ ನುಡಿಯುವ ಗುಂಪು, ಪಾತ್ರಗಳನ್ನು ಕೇಳುತ್ತದೆ, ಮರುಗುತ್ತದೆ, ಎಚ್ಚರಿಸುತ್ತದೆ. ದೊಡ್ಡಾಟದ ಹಿಮ್ಮೇಳವನ್ನೂ ಸಾರಥಿಯನ್ನೂ ನೋಡಿದವರಿಗೆ ಇದು ಹೊಸದೆನಿಸದು. ಒಮ್ಮೆ ಗೆಳತಿಯರೊಡನೆ 'ಅಶ್ವತ್ಥಾಮನ್' ಅನ್ನು ಗಟ್ಟಿಯಾಗಿ ಓದಿ. ಮೇಳದ ಮಾತು ಮಾತ್ರ ಮೂರ್ನಾಲ್ಕು ಮಂದಿ ಕೂಡಿ ಹೇಳಬೇಕು.