ಹೇಳಿಕೆ ಬರೆಯುವ ಮುನ್ನ

ಮಗಳೇ, ನೀನು ವಿದೇಶಾಂಗ ಸೇವೆಗೆ ಓದುತ್ತಿದ್ದೀಯೆಂದು ನಿನ್ನಮ್ಮ ಹೇಳಿದಳು. ಬಹಳ ಸಂತೋಷವಾಯಿತು. ಒಪ್ಪಂದ, ಇಸವಿಗಳನ್ನೆಲ್ಲ ಕೋಚಿಂಗಿನವರು ಬಾಯಿಪಾಠ ಮಾಡಿಸುತ್ತಾರೆ. ನಾನು ಒಂದೇ ಪ್ರಸಂಗ ಹೇಳುತ್ತೇನೆ, ಅದನ್ನು ನಿಧಾನವಾಗಿ ಓದಿಕೋ. 1990ರ ಆಗಸ್ಟ್ 2ರಂದು ಇರಾಕ್ ನುಂಗಿಹಾಕಿದ ಕುವೈತ್, 1991ರ ಫೆಬ್ರವರಿ ಕೊನೆಯಲ್ಲಿ ಮತ್ತೆ ತನ್ನ ನೆಲಕ್ಕೆ ತಾನೇ ಒಡೆಯನಾಯಿತು. ಆ ಏಳು ತಿಂಗಳು ನೆರೆಹೊರೆಯವರು ಏನಂದರು, ಯಾಕಂದರು, ಆ ಮಾತಿಗೆ ಕೊನೆಗೆ ಬೆಲೆ ತೆತ್ತವರು ಯಾರು ಎನ್ನುವುದೇ ನೀನು ಕಲಿಯಬೇಕಾದದ್ದು.

ಗೆದ್ದ ದಿನ ಬಂದ ಅಭಿನಂದನೆಗಳನ್ನು ನೋಡಿ ಯಾರನ್ನೂ ಅಳೆಯಬೇಡ. ಆ ದಿನ ಎಲ್ಲರೂ ಅಭಿನಂದಿಸುತ್ತಾರೆ. ಏನಾಗುತ್ತದೋ ಗೊತ್ತಿಲ್ಲದ ಹೊತ್ತಿನಲ್ಲಿ ಆಡಿದ ಮಾತನ್ನು ನೋಡು. ಆಗಸ್ಟ್ 10ರಂದು ಕೈರೋದಲ್ಲಿ ಅರಬ್ ಲೀಗ್ ಸೇರಿದಾಗ, ಸೌದಿಯ ರಕ್ಷಣೆಗೆ ಅರಬ್ ಸೈನ್ಯ ಕಳಿಸುವ ನಿರ್ಣಯದ ಪರ ನಿಂತದ್ದು 12 ದೇಶಗಳು ಮಾತ್ರ. ಜೋರ್ಡಾನ್ ಆ ಸಾಲಿನಲ್ಲಿ ಇರಲಿಲ್ಲ. 1961ರಲ್ಲಿ ಕುವೈತ್ ಸ್ವತಂತ್ರವಾದ ಕೂಡಲೇ ಇರಾಕ್ ಅದು ತನ್ನದೆಂದು ಹಕ್ಕು ಹೂಡಿದಾಗ, ಬ್ರಿಟಿಷ್ ಸೈನಿಕರ ಜಾಗಕ್ಕೆ ಬಂದ ಅರಬ್ ಪಡೆಯಲ್ಲಿ ಜೋರ್ಡಾನಿನವರೂ ಇದ್ದರು. ಅದೇ ಜೋರ್ಡಾನ್ ಮೂರು ದಶಕದ ನಂತರ ಹಿಂದೆ ಸರಿಯಿತು. ಜೋರ್ಡಾನಿನ ದೊರೆ ಹುಸೇನ್ ಅಂಜುಬುರುಕರೆಂದು ತೀರ್ಪು ಕೊಡುವುದು ಸುಲಭ. ಆದರೆ ಅವರ ಎಣ್ಣೆ ಬರುತ್ತಿದ್ದದ್ದು ಇರಾಕಿನಿಂದ, ಅಕಬಾ ಬಂದರು ಬದುಕಿದ್ದದ್ದು ಇರಾಕಿನ ಸರಕಿನಿಂದ, ಬೀದಿಯಲ್ಲಿ ಜನ ಕೂಗುತ್ತಿದ್ದದ್ದು ಇರಾಕಿನ ಅಧ್ಯಕ್ಷ ಸದ್ದಾಂ ಹೆಸರು. ಇಂಥ ಹಂಗುಗಳನ್ನು ಮೊದಲು ಬರೆದಿಟ್ಟುಕೋ. ಆ ದೇಶದ ಮಾತು ಅರ್ಥವಾಗುವುದು ಆಮೇಲೆ.

ಇರಾನ್ ಜೊತೆಗಿನ ಎಂಟು ವರ್ಷದ ಯುದ್ಧದಲ್ಲಿ ಇರಾಕಿಗೆ ಹಣ ಸುರಿದ ಕುವೈತ್ ಮೇಲೆ ಇರಾನಿಗೆ ಸಿಟ್ಟಿರಬೇಕಿತ್ತು. ಆದರೂ ಇರಾನ್ ಆಕ್ರಮಣವನ್ನು ಖಂಡಿಸಿತು. ಈಜಿಪ್ಟ್ ಮತ್ತು ಸಿರಿಯಾ ಸೈನ್ಯವನ್ನೇ ಕಳಿಸಿದವು, 1991ರ ಮಾರ್ಚಿನಲ್ಲಿ ಡಮಾಸ್ಕಸ್ ಘೋಷಣೆಗೆ ಸಹಿಯನ್ನೂ ಹಾಕಿದವು. ಕೊಲ್ಲಿಯ ಕಾವಲಿಗೆ ತಾವೇ ನಿಲ್ಲುತ್ತೇವೆಂಬ ಅವರ ಲೆಕ್ಕ ಫಲಿಸಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುವೈತ್ ರಕ್ಷಣಾ ಒಪ್ಪಂದ ಮಾಡಿಕೊಂಡದ್ದು ಅಮೆರಿಕದ ಜೊತೆ.

ಆದರೆ ನಿನ್ನ ಮನಸ್ಸಿನಲ್ಲಿ ಕೂರಬೇಕಾದದ್ದು ಯೆಮನ್. ಕೈರೋದಲ್ಲಿ ಅದು ನಿರ್ಣಯವನ್ನು ಬೆಂಬಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಸೌದಿ ಸರ್ಕಾರ, ಕಫೀಲ್, ಅಂದರೆ ಸ್ಥಳೀಯ ಪ್ರಾಯೋಜಕ, ಇಲ್ಲದೆ ದುಡಿಯಲು ಯೆಮನಿಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು ಕಿತ್ತುಕೊಂಡಿತು. ಅಂಗಡಿ, ಗಾಡಿಗಳನ್ನು ಸಿಕ್ಕ ಬೆಲೆಗೆ ಮಾರಿ ಗಡಿ ದಾಟಿದವರು ಸುಮಾರು 8 ಲಕ್ಷ ಜನ. ಎಷ್ಟೋ ಕುಟುಂಬಗಳು ಹೊದೈದಾ ಊರಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ವರ್ಷಗಟ್ಟಲೆ ಉಳಿದವು. ನವೆಂಬರ್ 29ರಂದು ಭದ್ರತಾ ಮಂಡಳಿಯಲ್ಲಿ ಬಲಪ್ರಯೋಗದ ನಿರ್ಣಯಕ್ಕೆ ಯೆಮನ್ ಮತ್ತು ಕ್ಯೂಬಾ ಎರಡೇ ವಿರುದ್ಧ ಕೈ ಎತ್ತಿದವು. ಅಮೆರಿಕ ಯೆಮನಿಗೆ ಕೊಡುತ್ತಿದ್ದ ನೆರವನ್ನು ಕಡಿಯಿತು. ಕೈ ಎತ್ತಿದ ರಾಯಭಾರಿ ಗುಡಿಸಲಿಗೆ ಹೋಗಲಿಲ್ಲ, ಹೋದವರು ಗಾರೆ ಕೆಲಸದವರು.

ಪ್ಯಾಲೆಸ್ಟೀನಿಯರ ಕಥೆ ಇನ್ನೂ ಕಹಿ. ಕುವೈತ್‌ನಲ್ಲಿ ಸುಮಾರು 4 ಲಕ್ಷ ಮಂದಿಯಿದ್ದರು. ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿದವರು, ಕಚೇರಿಗಳನ್ನು ನಡೆಸಿದವರು. ಅವರ ನಾಯಕ ಅರಾಫತ್ ಸದ್ದಾಂ ಕಡೆ ವಾಲಿದರು. ಅರ್ಧದಷ್ಟು ಜನ ಆಕ್ರಮಣದ ತಿಂಗಳುಗಳಲ್ಲೇ ಹೊರಟಿದ್ದರು. ಉಳಿದವರಲ್ಲಿ ಹೆಚ್ಚಿನವರನ್ನು, ಅವರು ಯಾರ ಪರವೂ ಇರದಿದ್ದರೂ, ಸ್ವತಂತ್ರ ಕುವೈತ್ ಹೊರದಬ್ಬಿತು. ಕಳೆದುಕೊಂಡ ನೆಲವನ್ನು ಮರಳಿ ಪಡೆದ ದೇಶವೊಂದು ನೆಲವಿಲ್ಲದವರ ಮೇಲೆ ಸೇಡು ತೀರಿಸಿಕೊಂಡಿತು. ಇದನ್ನು ಅನ್ಯಾಯವೆಂದು ಕರೆಯಲು ನನಗೆ ಅಳುಕಿಲ್ಲ. ಅರಾಫತ್ ನಂತರ ನಾಯಕರಾದ ಮಹಮೂದ್ ಅಬ್ಬಾಸ್ ಕುವೈತ್‌ಗೆ ಹೋಗಿ ಕ್ಷಮೆ ಕೇಳಿದ್ದು 2004ರ ಡಿಸೆಂಬರಿನಲ್ಲಿ.

ನಮ್ಮ ದೇಶದ್ದೂ ಹೇಳಬೇಕು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಆಗಸ್ಟಿನಲ್ಲಿ ಬಾಗ್ದಾದಿಗೆ ಹೋದರು. ಸದ್ದಾಂ ಅವರನ್ನು ಅಪ್ಪಿಕೊಂಡ ಚಿತ್ರ ಲೋಕವೆಲ್ಲ ಸುತ್ತಿತು, ಕುವೈತಿಗಳಿಗೆ ನಾಟಿತು. ನಮ್ಮ ರಾಯಭಾರ ಕಚೇರಿ ಕುವೈತ್ ಬಿಟ್ಟು ಬಸ್ರಾಕ್ಕೆ ಹೋಯಿತು. ಆಕ್ರಮಣವನ್ನು ಖಂಡಿಸುವಾಗ ದೆಹಲಿಯ ದನಿ ಗಟ್ಟಿಯಾಗಿರಲಿಲ್ಲ, ಅದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ಬಾಗ್ದಾದಿಗೆ ಹೋದದ್ದು ತಪ್ಪಲ್ಲ. ಕುವೈತ್‌ನಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯವರೂ ಇದ್ದರು. 1.70 ಲಕ್ಷಕ್ಕೂ ಹೆಚ್ಚು ಭಾರತೀಯರು ಊರು ಸೇರಿದರು. ಬಹುಪಾಲು ಜನ ಇರಾಕಿನ ರಸ್ತೆಯಲ್ಲಿ ಬಂದು ಅಮ್ಮಾನಿನಲ್ಲಿ ಏರ್ ಇಂಡಿಯಾ ವಿಮಾನ ಹತ್ತಿದವರು. ಗಮನಿಸು, ಎಲ್ಲರೂ ಬೈಯುತ್ತಿದ್ದ ಆ ಜೋರ್ಡಾನೇ ಬಾಗಿಲು ತೆರೆದಿಟ್ಟದ್ದು.

ಇಂದಿರಾ ಗಾಂಧಿ 1981ರಲ್ಲಿ ಹೋಗಿಬಂದ ಮೇಲೆ ಭಾರತದ ಪ್ರಧಾನಿಯೊಬ್ಬರು ಕುವೈತ್‌ಗೆ ಹೋದದ್ದು 2024ರ ಡಿಸೆಂಬರಿನಲ್ಲಿ. ಇಷ್ಟು ವರ್ಷದ ಅಂತರಕ್ಕೆ ಆ ಅಪ್ಪುಗೆಯೊಂದೇ ಕಾರಣ ಎನ್ನಲಾರೆ.

ನೀನು ಮುಂದೆ ಯಾವುದೋ ಕಚೇರಿಯಲ್ಲಿ ಕೂತು ಹೇಳಿಕೆಯ ಕರಡು ಬರೆಯುವಾಗ, ಆ ದೇಶದಲ್ಲಿ ನಮ್ಮವರು ಎಷ್ಟು ಮಂದಿ, ಯಾವ ಕೆಲಸದಲ್ಲಿದ್ದಾರೆ, ಪಾಸ್‌ಪೋರ್ಟ್ ಅವರ ಕೈಯಲ್ಲಿದೆಯೋ ಮಾಲೀಕನ ಕೈಯಲ್ಲೋ ಎಂಬುದನ್ನು ಮೊದಲು ವಿಚಾರಿಸು. ಹಾಗೆಂದು ಸತ್ಯವನ್ನು ಮುಚ್ಚಿಡಬೇಡ. ಆಕ್ರಮಣವನ್ನು ಆಕ್ರಮಣವೆಂದೇ ಬರೆ, ಜೊತೆಗೆ ಜನರನ್ನು ಹೊರತರುವ ದಾರಿಯನ್ನೂ ಮೇಲಿನವರ ಮೇಜಿನ ಮೇಲಿಡು.

ಕರಡೊಂದರಿಂದ ಇಷ್ಟೆಲ್ಲ ಆಗಬಹುದೇ ಎಂದು ಕೇಳಬೇಡ. ಈ ಆಕ್ರಮಣದ ನಷ್ಟಕ್ಕೆ ವಿಶ್ವಸಂಸ್ಥೆ ಜಿನೀವಾದಲ್ಲಿ ಪರಿಹಾರ ಆಯೋಗವೊಂದನ್ನು ಕೂರಿಸಿತು, ಇರಾಕಿನ ಎಣ್ಣೆಯ ಹಣದಿಂದ 2022ರವರೆಗೆ ಅದು 5,240 ಕೋಟಿ ಡಾಲರ್ ಹಂಚಿತು. ಮೊದಲ ಸರದಿಯನ್ನು ಅದು ಕಂಪನಿಗಳಿಗೂ ಸರ್ಕಾರಗಳಿಗೂ ಕೊಡದೆ, ಉಟ್ಟಬಟ್ಟೆಯಲ್ಲಿ ಓಡಿಬಂದ ಸಾಮಾನ್ಯರಿಗೆ ಕೊಟ್ಟಿತು. ಹಾಗೆ ಹಣ ಪಡೆದವರಲ್ಲಿ ಭಾರತದ ಕೆಲಸಗಾರರೂ ಇದ್ದರು. ಆ ಸರದಿಯನ್ನೂ ಯಾರೋ ಒಬ್ಬ ಅಧಿಕಾರಿ ಕರಡಿನಲ್ಲಿ ಬರೆದಿರಬೇಕು.