ಎಂಜಿನ್ ಕೆಟ್ಟರೆ ಏನು ಮಾಡೋಣ?

ಭಾಲ್ಕಿಯ ಅಕ್ಕನ ಆಟೋ ಔರಾದ್ ರಸ್ತೆಯಲ್ಲಿ ನಿಂತಿತು. ಆಯಿಲ್ ಇಲ್ಲದೆ ಎಂಜಿನ್ ಜಾಮ್ ಆಗಿತ್ತು. ಗಾಡಿಯನ್ನು ಬೀದರಿಗೆ ಎಳೆದು ತಂದರು.

"ಬ್ಯಾರೆ ಎಂಜಿನ್ ಹಾಕ್ರಿ" ಅಂದ ಮೆಕ್ಯಾನಿಕ್.

"ತಡೀರಿ, ಮೊದಲು ಬಿಚ್ಚಿ ತೋರಸ್ರಿ" ಅಂದರು ಅಕ್ಕ.

ನಾವೂ ಹೀಗೇ ಕೇಳೋಣ. ಪಿಸ್ಟನ್, ರಿಂಗು ಮಾತ್ರ ಹೋಗಿದ್ದರೆ ರಿಪೇರಿ ಸಾಕು. ಬ್ಲಾಕ್ ಒಡೆದಿದ್ದರೆ ಬದಲಿಸಬೇಕಾದೀತು. ಎರಡರ ಖರ್ಚನ್ನೂ ಚೀಟಿಯಲ್ಲಿ ಬರೆಸೋಣ. ಇನ್ನೊಬ್ಬರನ್ನೂ ಕೇಳೋಣ.

ಹಳೆ ಎಂಜಿನ್ ಕೊಂಡರೆ ರಸೀದಿ ಬೇಕು. ಕದ್ದ ಮಾಲಾದರೆ ಗಾಡಿಗೇ ಕುತ್ತು. ಎಂಜಿನ್ ಬದಲಾದರೆ ನಂಬರೂ ಬದಲಾಗುತ್ತದೆ. ಆರ್‌ಟಿಓ ಕಚೇರಿಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ನಂಬರು ಬರೆಸಬೇಕು.

ಅಕ್ಕ ಚೀಟಿ ತಾವೇ ಓದಿದರು. ರಿಪೇರಿ ಮಾಡಿಸಿದರು. ಈಗ ದಿನಾ ಬೆಳಿಗ್ಗೆ ಆಯಿಲ್ ನೋಡುತ್ತಾರೆ.

ಲೆಕ್ಕ ಮಾಡಿರಿ: ರಿಪೇರಿಗೆ 12,000 ರೂಪಾಯಿ, ಬದಲಿಗೆ 30,000 ರೂಪಾಯಿ ಆದರೆ ಉಳಿದದ್ದೆಷ್ಟು?